ಮನೆ ಆಟೊಮೇಶನ್ ಸಾಧನಕ್ಕೆ ವೈರ್‌ಲೆಸ್ ಆರಿಸುವುದು: ಎಲ್ಲಿ ಓಪನ್ ಬೇಕು, ಎಲ್ಲಿ ಪ್ರೊಪ್ರೈಟರಿ ಸಾಕು

ಬಾಗಿಲ ಸೆನ್ಸರ್ ಆಗಲಿ, ಟ್ಯಾಂಕ್ ನೀರಿನ ಮಟ್ಟ ತೋರಿಸುವ ಸಾಧನವಾಗಲಿ, ಮನೆಗೆಂದು ಹಾರ್ಡ್‌ವೇರ್ ಕಟ್ಟಲು ಕುಳಿತವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಜಿಗ್‌ಬೀ ಥರದ ಓಪನ್ (ಎಲ್ಲರಿಗೂ ತೆರೆದ) ಸ್ಟ್ಯಾಂಡರ್ಡ್ ಹಿಡಿಯಬೇಕೋ, ಅಗ್ಗದ ರೇಡಿಯೋ ಮಾಡ್ಯೂಲ್ ಮೇಲೆ ಸ್ವಂತ ಪ್ರೋಟೋಕಾಲ್ (ಸಾಧನಗಳು ಮಾತಾಡುವ ನಿಯಮ) ಬರೆದು ಪ್ರೊಪ್ರೈಟರಿ ದಾರಿ ಹಿಡಿಯಬೇಕೋ? ಈ ಪ್ರಶ್ನೆಗೆ ಇಡಿಯಾಗಿ ಉತ್ತರ ಕೊಡಲಾಗದು. ವೈರ್‌ಲೆಸ್ ಎನ್ನುವುದು ಐದಾರು ಪದರಗಳ ಕಟ್ಟಡ. ಚಿಪ್, ರೇಡಿಯೋ ತರಂಗದ ರೂಪ, ನೆಟ್‌ವರ್ಕ್, ಸಂದೇಶದ ಅರ್ಥ ಹೇಳುವ ಅಪ್ಲಿಕೇಶನ್ ಪದರ, ಕೀಲಿ ಮತ್ತು ಸರ್ಟಿಫಿಕೇಟ್, ಕೊನೆಗೆ ಕ್ಲೌಡ್. ಒಂದೊಂದು ಪದರವೂ ಓಪನ್ ಆಗಿರಬಹುದು, ಒಂದೇ ಕಂಪನಿಯ ಹಿಡಿತದಲ್ಲೂ ಇರಬಹುದು. ಬಳಕೆದಾರ ಸಿಕ್ಕಿಬೀಳುವುದು ಬಹುತೇಕ ಮೇಲಿನ ಮೂರು ಪದರಗಳಲ್ಲಿ. ರೇಡಿಯೋ ಪದರದಲ್ಲಿ ಸಿಕ್ಕಿಬೀಳುವುದು ಅಪರೂಪ.

ಅಮೆರಿಕದ ಲೋವ್ಸ್ ಕಂಪನಿಯ ಐರಿಸ್ ಎಂಬ ಮನೆ ಆಟೊಮೇಶನ್ ವ್ಯವಸ್ಥೆ ಇದಕ್ಕೆ ಸ್ಪಷ್ಟ ಸಾಕ್ಷಿ. 2019ರ ಮಾರ್ಚ್ 31ರಂದು ಅದನ್ನು ಮುಚ್ಚಿದರು. ಐರಿಸ್‌ನ ಎರಡನೇ ತಲೆಮಾರಿನ ಸೆನ್ಸರ್‌ಗಳು ಸ್ಟ್ಯಾಂಡರ್ಡ್ ಜಿಗ್‌ಬೀ ಮಾತಾಡುತ್ತಿದ್ದವು. ಜನ ಅವನ್ನು ಬೇರೆ ಹಬ್‌ಗೆ (ಸಾಧನಗಳನ್ನೆಲ್ಲ ಜೋಡಿಸುವ ಕೇಂದ್ರ ಪೆಟ್ಟಿಗೆ) ಜೋಡಿಸಿಕೊಂಡು ಮುಂದುವರಿದರು. ಮೊದಲ ತಲೆಮಾರಿನವುಗಳಲ್ಲೂ ರೇಡಿಯೋ ಜಿಗ್‌ಬೀಯದೇ. ಆದರೆ ಅದರ ಮೇಲೆ ಅಲರ್ಟ್‌ಮಿ ಎಂಬ ಕಂಪನಿಯ ಸ್ವಂತ ಪ್ರೊಫೈಲ್, ಅಂದರೆ ಸ್ವಂತ ಅಪ್ಲಿಕೇಶನ್ ಪದರ, ಕೂತಿತ್ತು. ಹಾಗಾಗಿ ಮಾಮೂಲಿ ಹಬ್‌ಗಳಿಗೆ ಅವುಗಳ ಮಾತು ಅರ್ಥವಾಗಲಿಲ್ಲ. ಇನ್ಸ್ಟಿಯಾನ್ ಎಂಬ ಮತ್ತೊಂದು ಮನೆ ಆಟೊಮೇಶನ್ ವ್ಯವಸ್ಥೆಯದು ಇನ್ನೊಂದು ತುದಿ. ಅದರ ರೇಡಿಯೋ, ಪ್ರೋಟೋಕಾಲ್ ಎಲ್ಲವೂ ಸ್ವಂತದ್ದು. 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆ ಇಲ್ಲದೆ ಸರ್ವರ್‌ಗಳು ನಿಂತಾಗ ಆ್ಯಪ್‌ಗಳೂ ನಿಂತವು. ಜೂನ್‌ನಲ್ಲಿ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡುಕೊಂಡ ಮೇಲೆ ಮತ್ತೆ ಜೀವ ಬಂತು.

ಪದರ ಪದರವಾಗಿ ನೋಡುವ ವಿಧಾನ

ಯಾವುದೇ ಸ್ಟ್ಯಾಂಡರ್ಡ್ ಮುಂದೆ ಇಟ್ಟರೂ ಈ ಐದು ಪ್ರಶ್ನೆ ಕೇಳಿ, ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸ್ಪೆಸಿಫಿಕೇಶನ್ ಯಾರಾದರೂ ಡೌನ್‌ಲೋಡ್ ಮಾಡಬಹುದೇ? ಚಿಪ್ ಕನಿಷ್ಠ ಇಬ್ಬರು ಸ್ವತಂತ್ರ ತಯಾರಕರಿಂದ ಸಿಗುತ್ತದೆಯೇ? ಸ್ಟ್ಯಾಕ್‌ನ (ಪ್ರೋಟೋಕಾಲ್ ನಡೆಸುವ ಸಾಫ್ಟ್‌ವೇರ್) ಸೋರ್ಸ್ ಕೋಡ್ ಕೈಗೆ ಸಿಗುತ್ತದೆಯೇ? ಇಂಟರ್ನೆಟ್ ಕೇಬಲ್ ಕಿತ್ತರೂ ಸಾಧನ ಕೆಲಸ ಮಾಡುತ್ತದೆಯೇ? ಮಾರಾಟಕ್ಕೆ ಇಳಿದರೆ ಯಾರಿಗೆ ಹಣ ಕಟ್ಟಬೇಕು?

ಜಿಗ್‌ಬೀ ಕೂತಿರುವುದು ಐಟ್ರಿಪಲ್‌ಇ 802.15.4 ರೇಡಿಯೋ ಮೇಲೆ: 2.4 ಗಿಗಾಹರ್ಟ್ಜ್‌ನಲ್ಲಿ 16 ಚಾನಲ್, ಸೆಕೆಂಡಿಗೆ 250 ಕಿಲೋಬಿಟ್. ನಾರ್ಡಿಕ್, ಸಿಲಿಕಾನ್ ಲ್ಯಾಬ್ಸ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಸ್ಪ್ರೆಸಿಫ್ ಎಲ್ಲರೂ ಚಿಪ್ ಮಾಡುತ್ತಾರೆ. ಸ್ಪೆಸಿಫಿಕೇಶನ್ ಸಿಗುತ್ತದೆ. ಆದರೆ ನಾರ್ಡಿಕ್ ಕೊಡುವ ಜೆಡ್‌ಬಾಸ್ ಸ್ಟ್ಯಾಕ್ ಮೊದಲೇ ಕಂಪೈಲ್ ಆದ ಲೈಬ್ರರಿ. ಒಳಗೆ ಬಗ್ ಇದ್ದರೆ ನೀವು ತೆರೆದು ನೋಡುವಂತಿಲ್ಲ. ಥ್ರೆಡ್ ಎಂಬ ನೆಟ್‌ವರ್ಕ್ ಸ್ಟ್ಯಾಂಡರ್ಡ್ ಕೂತಿರುವುದೂ ಅದೇ ರೇಡಿಯೋ ಮೇಲೆ. ಅದರ ಓಪನ್‌ಥ್ರೆಡ್ ಸ್ಟ್ಯಾಕ್‌ನ ಪೂರ್ತಿ ಸೋರ್ಸ್ ಸಿಗುತ್ತದೆ, ಅದರ ಮೇಲಿನ ಮ್ಯಾಟರ್ ಎಂಬ ಅಪ್ಲಿಕೇಶನ್ ಪದರದ ಎಸ್‌ಡಿಕೆ (ಡೆವಲಪರ್ ಕಿಟ್) ಕೂಡ ಅಪಾಚೆ ಎಂಬ ಓಪನ್ ಸೋರ್ಸ್ ಲೈಸೆನ್ಸಿನಲ್ಲಿದೆ. ಝಡ್-ವೇವ್ ಎಂಬ ಮತ್ತೊಂದು ಸ್ಟ್ಯಾಂಡರ್ಡ್ ಬಹುಕಾಲ ಒಂದೇ ಕಂಪನಿಯ ಚಿಪ್ ಆಗಿತ್ತು: ಡೆನ್ಮಾರ್ಕಿನ ಝೆನ್ಸಿಸ್, ಆಮೇಲೆ ಸಿಗ್ಮಾ ಡಿಸೈನ್ಸ್, 2018ರಿಂದ ಸಿಲಿಕಾನ್ ಲ್ಯಾಬ್ಸ್. ಸ್ಪೆಸಿಫಿಕೇಶನ್ ತೆರೆದಿಡುವುದಾಗಿ ಘೋಷಿಸಿದ್ದು 2019ರ ಕೊನೆಗೆ. ಇಂದಿಗೂ ಚಿಪ್ ಆಯ್ಕೆ ಬೆರಳೆಣಿಕೆಯಷ್ಟೇ. ದೂರ ಮುಟ್ಟುವ ಲೋರಾ ರೇಡಿಯೋ ಇನ್ನೂ ವಿಚಿತ್ರ: ಲೋರಾವ್ಯಾನ್ ಎಂಬ ಮೇಲಿನ ಪದರ ಓಪನ್, ಕೆಳಗಿನ ರೇಡಿಯೋ ಮಾಡ್ಯುಲೇಶನ್ ಸೆಮ್‌ಟೆಕ್ ಕಂಪನಿಯದು.

ಡಬ್ಬಿ ಮೇಲಿನ ಲೋಗೋ ನೋಡಿ ಅಪ್ಲಿಕೇಶನ್ ಪದರವೂ ಓಪನ್ ಎಂದು ನಂಬಬೇಡಿ. ಟುಯಾ ಕಂಪನಿಯ ಮಾಡ್ಯೂಲ್ ಇರುವ ಎಷ್ಟೋ ಜಿಗ್‌ಬೀ ಸಾಧನಗಳು ತಮ್ಮ ನಿಜವಾದ ಮಾಹಿತಿಯನ್ನು ಇಎಫ್00 ಎಂಬ ಸ್ವಂತ ಕ್ಲಸ್ಟರ್‌ನಲ್ಲಿ (ಒಂದು ಕೆಲಸಕ್ಕೆ ಸೇರಿದ ಸಂದೇಶಗಳ ಗುಂಪು) ಡೇಟಾ ಪಾಯಿಂಟ್‌ಗಳಾಗಿ ಕಳಿಸುತ್ತವೆ. ತಾಪಮಾನ 5ನೇ ಪಾಯಿಂಟೋ 24ನೆಯದೋ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗಬಹುದು. ಬೇರೆ ಬೇರೆ ಕಂಪನಿಗಳ ಜಿಗ್‌ಬೀ ಸಾಧನಗಳನ್ನು ಒಟ್ಟಿಗೆ ನಡೆಸುವ ಜಿಗ್‌ಬೀ2ಎಂಕ್ಯೂಟಿಟಿ ಯೋಜನೆಯಲ್ಲಿ ಅಷ್ಟೊಂದು ಕನ್ವರ್ಟರ್ ಫೈಲ್‌ಗಳಿರುವುದಕ್ಕೆ ಇಂಥ ಸಾಧನಗಳು ದೊಡ್ಡ ಕಾರಣ. ನೀವು ಕಟ್ಟುವ ಸಾಧನದಲ್ಲಿ ಇದನ್ನು ಮಾಡಬೇಡಿ. ಸ್ಟ್ಯಾಂಡರ್ಡ್ ಕ್ಲಸ್ಟರ್ ಇರುವಾಗ ಸ್ವಂತ ಕ್ಲಸ್ಟರ್ ಬರೆಯುವುದು ಓಪನ್ ಸ್ಟ್ಯಾಂಡರ್ಡ್‌ನ ಖರ್ಚನ್ನೆಲ್ಲ ಹೊತ್ತು ಅದರ ಲಾಭ ಬಿಟ್ಟುಕೊಟ್ಟಂತೆ.

ಭಾರತದಲ್ಲಿ ಯಾವ ಫ್ರೀಕ್ವೆನ್ಸಿ

ಮಾಡ್ಯೂಲ್ ಆರ್ಡರ್ ಮಾಡುವ ಮುಂಚೆ ಇದನ್ನು ತೀರ್ಮಾನಿಸಿ. ಮನೆ ಸಾಧನಕ್ಕೆ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಮುಖ್ಯ ಬ್ಯಾಂಡ್‌ಗಳು ಎರಡು. 2.4 ಗಿಗಾಹರ್ಟ್ಜ್ ಒಂದು. 865 ಮೆಗಾಹರ್ಟ್ಜ್‌ನದು ಇನ್ನೊಂದು. ಇದು 2005ರ ನಿಯಮದಲ್ಲಿ 865ರಿಂದ 867ರವರೆಗೆ ಇತ್ತು, 2021ರಲ್ಲಿ 868ರವರೆಗೆ ಚಾಚಿತು. ಇಲ್ಲಿ ಕ್ಯಾರಿಯರ್ ಅಗಲ 200 ಕಿಲೋಹರ್ಟ್ಜ್ ಮೀರದಂತೆ ಡಿಸೈನ್ ಮಾಡಿ. 433 ಮೆಗಾಹರ್ಟ್ಜ್‌ನಲ್ಲೂ ಸಣ್ಣ ವಿನಾಯಿತಿ ಇದೆ, ಆದರೆ 10 ಮಿಲಿವ್ಯಾಟ್ ಮತ್ತು ಕಿರಿದಾದ ಚಾನಲ್ ಎಂಬ ಮಿತಿಯೊಳಗೆ, ಒಳಾಂಗಣಕ್ಕೆ. ಹೊಸ ಡಿಸೈನ್‌ಗೆ ಅದನ್ನು ಹಿಡಿಯಲು ಕಾರಣವಿಲ್ಲ.

ಆನ್‌ಲೈನಿನಲ್ಲಿ ಸಿಗುವ 915 ಮೆಗಾಹರ್ಟ್ಜ್ ಮಾಡ್ಯೂಲ್ ಬೇಡವೇ ಬೇಡ. ಅದು ಅಮೆರಿಕದ ಬ್ಯಾಂಡ್. ನಮ್ಮಲ್ಲಿ 890ರಿಂದ 915ರವರೆಗಿನ ಭಾಗದಲ್ಲಿ ಮೊಬೈಲ್ ಫೋನ್‌ಗಳು ಟವರ್‌ಗೆ ಮಾತಾಡುತ್ತವೆ. ಅಮೆರಿಕದಿಂದ ಬರುವವರ ಕೈಯಲ್ಲಿ ಝಡ್-ವೇವ್ ಸ್ವಿಚ್ ತರಿಸುವವರೂ ಇದನ್ನೇ ಗಮನಿಸಬೇಕು. ಅಲ್ಲಿಯದು 908.4 ಮೆಗಾಹರ್ಟ್ಜ್, ಭಾರತದ್ದು 865.2, ಯುರೋಪಿನದು 868.4. ಒಂದರ ಹಬ್‌ಗೆ ಇನ್ನೊಂದು ಜೋಡಿಯಾಗುವುದಿಲ್ಲ, ಕಾನೂನಿಗೂ ಹೊಂದುವುದಿಲ್ಲ. ಜಿಗ್‌ಬೀ ಮತ್ತು ಥ್ರೆಡ್‌ಗೆ ಈ ತಾಪತ್ರಯ ಇಲ್ಲ, 2.4 ಎಲ್ಲ ಕಡೆ ಒಂದೇ.

ಹಾಗಾದರೆ ಎರಡರಲ್ಲಿ ಯಾವುದು? ಮನೆಯ ಒಳಗೆ, ಎರಡು ಗೋಡೆ ದಾಟಿದರೆ ಸಾಕು, ನಡುವೆ ಪ್ಲಗ್‌ಗೆ ಹಾಕಿದ, ಸಂದೇಶವನ್ನು ಮುಂದಕ್ಕೆ ದಾಟಿಸುವ ರೂಟರ್ ಸಾಧನಗಳೂ ಇರುತ್ತವೆ ಎಂದಾದರೆ 2.4. ತಾರಸಿಯ ಓವರ್‌ಹೆಡ್ ಟ್ಯಾಂಕಿನಿಂದ ಆರ್‌ಸಿಸಿ ಸ್ಲ್ಯಾಬ್‌ಗಳನ್ನು ದಾಟಿ ಕೆಳಗಿನ ಸಂಪ್ ಪಂಪಿಗೆ ಹೋಗಬೇಕಾದರೆ 865. ಮುಂದೆ ಈ ಎರಡು ಉದಾಹರಣೆಗಳನ್ನೇ ಕಟ್ಟೋಣ: ಬಾಗಿಲ ಸೆನ್ಸರ್ ಓಪನ್ ದಾರಿಯಲ್ಲಿ, ಟ್ಯಾಂಕ್ ಸೆನ್ಸರ್ ಸ್ವಂತ ಪ್ರೋಟೋಕಾಲ್‌ನಲ್ಲಿ.

ಬಾಗಿಲ ಸೆನ್ಸರ್, ಜಿಗ್‌ಬೀಯಲ್ಲಿ

ಬೇಕಾದ್ದು: ನಾರ್ಡಿಕ್‌ನ ಎನ್‌ಆರ್‌ಎಫ್52840 ಮಾಡ್ಯೂಲ್ 1, ಮ್ಯಾಗ್ನೆಟ್ ಹತ್ತಿರ ಬಂದಾಗ ಮುಚ್ಚಿಕೊಳ್ಳುವ ರೀಡ್ ಸ್ವಿಚ್ 1, ಮ್ಯಾಗ್ನೆಟ್ 1, ಸಿಆರ್2032 ಬಟನ್ ಸೆಲ್ ಮತ್ತು ಹೋಲ್ಡರ್, 1 ಮೆಗಾಓಮ್ ರೆಸಿಸ್ಟರ್ 1, 10 ನ್ಯಾನೋಫ್ಯಾರಡ್ ಕೆಪಾಸಿಟರ್ 1, 100 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ 1, ಜೋಡಣೆಗೆ ಒಂದು ಪುಶ್ ಬಟನ್. ಹಬ್ ಬದಿಗೆ ಹೋಮ್ ಅಸಿಸ್ಟೆಂಟ್ ಎಂಬ ಮನೆ ಆಟೊಮೇಶನ್ ಸಾಫ್ಟ್‌ವೇರ್ ಓಡುವ ಕಂಪ್ಯೂಟರ್, ಜಿಗ್‌ಬೀ ಯುಎಸ್‌ಬಿ ಡಾಂಗಲ್, ಕನಿಷ್ಠ 1 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್. ಈ ಕೇಬಲ್ ಇಲ್ಲದೆ ಶುರು ಮಾಡಬೇಡಿ. ಯುಎಸ್‌ಬಿ 3 ಪೋರ್ಟ್‌ಗಳು 2.4 ಗಿಗಾಹರ್ಟ್ಜ್‌ನಲ್ಲೇ ಗದ್ದಲ ಹೊರಸೂಸುತ್ತವೆ. ಪೋರ್ಟಿಗೆ ನೇರ ಚುಚ್ಚಿದ ಡಾಂಗಲ್‌ಗೆ ಪಕ್ಕದ ಕೋಣೆಯ ಸೆನ್ಸರ್ ಕೂಡ ಕೇಳದೆ ಹೋಗುತ್ತದೆ.

ಎಸ್ಪ್ರೆಸಿಫ್‌ನ ಇಎಸ್‌ಪಿ32-ಎಚ್2 ಅಗ್ಗ, ಜಿಗ್‌ಬೀಯೂ ಗೊತ್ತು. ಅದನ್ನೇಕೆ ಬಳಸುತ್ತಿಲ್ಲವೆಂದರೆ ಅದಕ್ಕೆ ಕನಿಷ್ಠ 3.0 ವೋಲ್ಟ್ ಬೇಕು. ಬಟನ್ ಸೆಲ್ ಅರ್ಧ ಖಾಲಿಯಾಗುವ ಹೊತ್ತಿಗೆ ವೋಲ್ಟೇಜ್ ಅದಕ್ಕಿಂತ ಕೆಳಗಿರುತ್ತದೆ. ನಾರ್ಡಿಕ್ ಚಿಪ್ 1.7 ವೋಲ್ಟ್‌ವರೆಗೂ ಓಡುತ್ತದೆ. ಪ್ಲಗ್‌ನಿಂದ ಕರೆಂಟ್ ಪಡೆಯುವ ಸ್ವಿಚ್, ರೂಟರ್‌ಗಳಿಗೆ ಎಚ್2 ಅಥವಾ ಇಎಸ್‌ಪಿ32-ಸಿ6 ಧಾರಾಳವಾಗಿ ಬಳಸಿ.

ಈಗ ಬ್ಯಾಟರಿ ಲೆಕ್ಕ. ಬಹಳಷ್ಟು ಡಿಸೈನ್‌ಗಳು ಸೋಲುವುದು ಇಲ್ಲೇ. ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪ್‌ಅವರ್ ಇರುತ್ತದೆ. ಎರಡು ವರ್ಷ ಬಾಳಬೇಕಾದರೆ ಸರಾಸರಿ ಕರೆಂಟ್ 12.5 ಮೈಕ್ರೋಆಂಪ್ ಮೀರಬಾರದು. ಚಿಪ್ ನಿದ್ದೆಯಲ್ಲಿ 3 ಮೈಕ್ರೋಆಂಪ್ ತೆಗೆದುಕೊಳ್ಳುತ್ತದೆ ಎನ್ನಿ. ಮನೆಯ ಬಾಗಿಲು ದಿನದ ಹೆಚ್ಚು ಹೊತ್ತು ಮುಚ್ಚಿರುತ್ತದೆ, ಅಂದರೆ ರೀಡ್ ಸ್ವಿಚ್‌ನಲ್ಲಿ ಕರೆಂಟ್ ಸದಾ ಹರಿಯುತ್ತಿರುತ್ತದೆ. ಚಿಪ್ಪಿನ ಒಳಗಿನ ಪುಲ್-ಅಪ್ (ಪಿನ್ ಅನ್ನು ಸೆಲ್‌ನ ವೋಲ್ಟೇಜ್‌ಗೆ ಎಳೆದಿಡುವ ರೆಸಿಸ್ಟರ್) ಸುಮಾರು 13 ಕಿಲೋಓಮ್. 3 ವೋಲ್ಟಿಗೆ ಅದು 230 ಮೈಕ್ರೋಆಂಪ್, ಸೆಲ್ 40 ದಿನಕ್ಕೆ ಖಾಲಿ. ಕೋಡ್ ಸರಿ ಇದೆ, ರೇಡಿಯೋ ಸರಿ ಇದೆ, ಆದರೂ ಸೆಲ್ ನಿಲ್ಲುವುದಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇದನ್ನು ನೋಡಲಿ. ಒಳಗಿನ ಪುಲ್-ಅಪ್ ಆಫ್ ಮಾಡಿ, ಹೊರಗೆ 1 ಮೆಗಾಓಮ್ ಹಾಕಿದರೆ ಅದೇ ಜಾಗದಲ್ಲಿ 3 ಮೈಕ್ರೋಆಂಪ್. ರೀಡ್‌ಗೆ ಅಡ್ಡಲಾಗಿ 10 ನ್ಯಾನೋಫ್ಯಾರಡ್ ಕೂರಿಸಿದರೆ ಬಾಗಿಲು ತೆರೆಯುವಾಗ ಸಂಪರ್ಕ ಅದುರುವುದೂ ತಹಬಂದಿಗೆ ಬರುತ್ತದೆ.

ಇನ್ನು ಪೋಲಿಂಗ್. ನಿದ್ದೆ ಮಾಡುವ ಜಿಗ್‌ಬೀ ಸಾಧನ ಆಗಾಗ ಎದ್ದು ತನ್ನ ಪೇರೆಂಟ್ ಅನ್ನು (ಅದರ ಸಂದೇಶ ಹಿಡಿದಿಡುವ ಹಬ್ ಅಥವಾ ರೂಟರ್) "ನನಗೇನಾದರೂ ಇದೆಯಾ" ಎಂದು ಕೇಳುತ್ತದೆ. ಒಂದು ಪೋಲ್‌ಗೆ 5 ಮಿಲಿಸೆಕೆಂಡ್, 6 ಮಿಲಿಆಂಪ್ ಎಂದು ಹಿಡಿದರೆ, 5 ಸೆಕೆಂಡಿಗೊಮ್ಮೆ ಪೋಲ್ ಮಾಡುವುದರ ಸರಾಸರಿ 6 ಮೈಕ್ರೋಆಂಪ್. ಒಟ್ಟು 12. ಎರಡು ವರ್ಷದ ಲೆಕ್ಕ ಕೂಡಿಬಂತು. ಜೋಡಣೆಯ ಹೊತ್ತಿಗೆಂದು ಇಟ್ಟ 250 ಮಿಲಿಸೆಕೆಂಡಿನ ವೇಗದ ಪೋಲ್ ಅನ್ನು ಹಾಗೇ ಬಿಟ್ಟರೆ ಅದೊಂದೇ 120 ಮೈಕ್ರೋಆಂಪ್ ತಿನ್ನುತ್ತದೆ, ಸೆಲ್ ಎರಡೂವರೆ ತಿಂಗಳು ಬಂದರೆ ಹೆಚ್ಚು. ಹಾಗೆಂದು ಪೋಲ್ ಅನ್ನು ನಿಮಿಷಗಟ್ಟಲೆ ಎಳೆದರೆ ಇನ್ನೊಂದು ತೊಂದರೆ: ಪೇರೆಂಟ್ ನಿಮ್ಮ ಸಂದೇಶವನ್ನು ಇಟ್ಟುಕೊಳ್ಳುವುದು 7.68 ಸೆಕೆಂಡ್ ಮಾತ್ರ. ಬಾಗಿಲ ಸೆನ್ಸರ್‌ಗೆ ಹೊರಗಿನಿಂದ ಬರುವ ಆಜ್ಞೆ ಕಡಿಮೆ. ಆದ್ದರಿಂದ ಜೋಡಣೆಯ ಮೊದಲ ಎರಡು ನಿಮಿಷ ವೇಗವಾಗಿ ಪೋಲ್ ಮಾಡಿ, ಸೆಟ್ಟಿಂಗ್‌ಗಳನ್ನೆಲ್ಲ ಆಗಲೇ ಪಡೆದುಕೊಂಡು, ಆಮೇಲೆ 5 ಸೆಕೆಂಡಿಗೆ ಇಳಿಯಿರಿ.

ಕೋಡ್‌ನಲ್ಲಿ ಬೇಕಾದ ಕ್ಲಸ್ಟರ್‌ಗಳು ಮೂರು: ಬೇಸಿಕ್ 0000, ಪವರ್ ಕಾನ್ಫಿಗರೇಶನ್ 0001, ಅಲಾರಂ ಸೆನ್ಸರ್‌ಗಳಿಗೆಂದಿರುವ ಐಎಎಸ್ ಝೋನ್ 0500. ಝೋನ್ ಟೈಪ್ 0015, ಅಂದರೆ ಕಾಂಟ್ಯಾಕ್ಟ್ ಸ್ವಿಚ್. ಈ ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲಿ. ಕೆಲಸದ ಕ್ರಮ ಹೀಗೆ:

1. ಡಾಂಗಲ್‌ನ ಚಾನಲ್ ಮೊದಲೇ ನಿಗದಿ ಮಾಡಿ. ಜಿಗ್‌ಬೀ 11ನೇ ಚಾನಲ್ 2405 ಮೆಗಾಹರ್ಟ್ಜ್‌ನಲ್ಲಿದೆ, ಮುಂದಿನದೆಲ್ಲ ಐದೈದು ಮೆಗಾಹರ್ಟ್ಜ್ ಮೇಲೆ. ವೈ-ಫೈ ಚಾನಲ್ 1, 6, 11ರ ನಡುವಿನ ಸಂದಿಗಳಲ್ಲಿ ಕೂರುವುದು 15 ಮತ್ತು 20, ವೈ-ಫೈ 11ರ ಮೇಲ್ಬದಿಗೆ 25. ಮನೆಯ ವೈ-ಫೈ ರೂಟರ್ ಅನ್ನು 1ಕ್ಕೆ ಕಟ್ಟಿಹಾಕಿ ಜಿಗ್‌ಬೀಯನ್ನು 20 ಅಥವಾ 25ಕ್ಕೆ ಇಡಿ. 26 ಖಾಲಿ ಕಂಡರೂ ಬೇಡ, ಅಲ್ಲಿ ಹಲವು ಸಾಧನಗಳು ಪವರ್ ತಗ್ಗಿಸಿಕೊಳ್ಳುತ್ತವೆ. ಸಾಧನಗಳೆಲ್ಲ ಸೇರಿದ ಮೇಲೆ ಚಾನಲ್ ಬದಲಿಸಿದರೆ ಕೆಲವನ್ನು ಮತ್ತೆ ಜೋಡಿಸಬೇಕಾದೀತು.

2. ಸಾಧನ ಸೇರಿದ ಮೇಲೆ ಹಬ್ ತನ್ನ ವಿಳಾಸವನ್ನು ಐಎಎಸ್ ಝೋನ್‌ನ ಸಿಐಇ ಅಟ್ರಿಬ್ಯೂಟ್‌ಗೆ (ಅಲಾರಂ ಯಾರಿಗೆ ಹೋಗಬೇಕು ಎಂದು ಹೇಳುವ ಜಾಗ) ಬರೆಯುತ್ತದೆ. ಅದು ಬರೆಯುವವರೆಗೆ ನಿದ್ದೆಗೆ ಹೋಗಬೇಡಿ. ಎನ್‌ರೋಲ್ (ನೋಂದಣಿ) ವಿನಂತಿ ಕಳಿಸಿ, ಉತ್ತರ ಬಂದ ಮೇಲಷ್ಟೇ ಬಾಗಿಲ ಸ್ಥಿತಿ ಕಳಿಸಲು ಶುರು ಮಾಡಿ. ಸಾಧನ ಸೇರಿದೆ ಎಂದು ತೋರಿಸುತ್ತದೆ, ಬ್ಯಾಟರಿಯೂ ಕಾಣುತ್ತದೆ, ಬಾಗಿಲು ಮಾತ್ರ ಬದಲಾಗುವುದಿಲ್ಲ ಎಂದಾದರೆ ಎನ್‌ರೋಲ್ ತಪ್ಪಿಹೋಗಿದೆ ಎಂದೇ ಮೊದಲು ಅನುಮಾನಿಸಿ.

3. ಝೋನ್ ಸ್ಟೇಟಸ್‌ನ ಸೊನ್ನೆಯ ಬಿಟ್ 1 ಆದರೆ ಬಾಗಿಲು ತೆರೆದಿದೆ.

4. ಬ್ಯಾಟರಿ ಶೇಕಡಾವಾರು ಕಳಿಸುವಾಗ ಅರ್ಧ ಶೇಕಡಾ ಒಂದು ಘಟಕ. ಪೂರ್ತಿ ತುಂಬಿದ ಸೆಲ್‌ಗೆ 200 ಕಳಿಸಬೇಕು. 100 ಕಳಿಸಿದರೆ ಹಬ್ 50 ತೋರಿಸುತ್ತದೆ. ಕೆಲವು ತಯಾರಕರು ಇದೇ ತಪ್ಪು ಮಾಡಿರುವುದರಿಂದ ಹಬ್‌ಗಳಲ್ಲಿ ಅವರ ಮಾಡೆಲ್‌ಗಳಿಗೆ ವಿಶೇಷ ತಿದ್ದುಪಡಿ ಇದೆ. ಅದನ್ನು ನೋಡಿ ನಕಲು ಮಾಡಬೇಡಿ.

5. ಸೆಲ್‌ಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೂರಿಸಿ. ಹಳೆಯ ಬಟನ್ ಸೆಲ್‌ನ ಒಳ ರೆಸಿಸ್ಟೆನ್ಸ್ ಏರಿರುತ್ತದೆ, ರೇಡಿಯೋ ಎದ್ದ ಕ್ಷಣ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ಟ್ಯಾಂಟಲಮ್ ಹಾಕಿದರೆ ಅದರ ಸೋರಿಕೆಯೇ ಕೆಲವು ಮೈಕ್ರೋಆಂಪ್ ಆಗಬಹುದು, ಹಾಗಾಗಿ ಸೆರಾಮಿಕ್.

ಆಂಟೆನಾದ ಕೆಳಗೆ, ಸುತ್ತ ತಾಮ್ರ ಬೇಡ. ಮಾಡ್ಯೂಲ್‌ನ ಡೇಟಾಶೀಟ್ ಎಷ್ಟು ಮಿಲಿಮೀಟರ್ ಬಿಡಬೇಕು ಎಂದಿರುತ್ತದೆಯೋ ಅಷ್ಟನ್ನು ಬಿಡಿ. ಸೆಲ್ ಹೋಲ್ಡರ್ ಕೂಡ ಲೋಹವೇ, ಅದನ್ನು ಬೋರ್ಡಿನ ಇನ್ನೊಂದು ತುದಿಗೆ ಸರಿಸಿ. ಸ್ವಿಚ್ ಬೋರ್ಡಿನ ಹಿಂದೆ ಕೂರುವ ಸಾಧನ ಮಾಡುವವರಿಗೆ ಇನ್ನೂ ಒಂದು ಮಾತು: ನಮ್ಮ ಮನೆಗಳಲ್ಲಿ ಗೋಡೆಯೊಳಗಿನ ಬಾಕ್ಸ್ ಹಲವೆಡೆ ಜಿಐ ತಗಡಿನದು. ಮೇಜಿನ ಮೇಲೆ 20 ಮೀಟರ್ ಮುಟ್ಟಿದ ರೇಡಿಯೋ ಆ ಬಾಕ್ಸಿನೊಳಗೆ ಹೋದ ಮೇಲೆ ಪಕ್ಕದ ಕೋಣೆಗೂ ಮುಟ್ಟದಿರಬಹುದು. ಪರೀಕ್ಷೆಯನ್ನು ಅಂಥ ಬಾಕ್ಸಿನೊಳಗೇ ಮಾಡಿ, ಆಂಟೆನಾ ಮುಂದಿನ ಪ್ಲಾಸ್ಟಿಕ್ ಪ್ಲೇಟಿನ ಕಡೆಗಿರಲಿ.

ಭದ್ರತೆಯ ವಿಷಯದಲ್ಲಿ ಜಿಗ್‌ಬೀಯ ಒಂದು ಹಳೆಯ ದೌರ್ಬಲ್ಯ ತಿಳಿದಿರಬೇಕು. ಸೇರುವ ಹೊತ್ತಿನಲ್ಲಿ ನೆಟ್‌ವರ್ಕ್ ಕೀಲಿಯನ್ನು ಮುಚ್ಚಿ ಕಳಿಸಲು ಬಳಸುವ ಡೀಫಾಲ್ಟ್ ಕೀಲಿ "ಜಿಗ್‌ಬೀಅಲೈಯನ್ಸ್09" ಎಂಬ ಅಕ್ಷರಗಳೇ, ಅದು ಎಲ್ಲರಿಗೂ ಗೊತ್ತು. ಆ ಕೆಲವು ಸೆಕೆಂಡ್ ಯಾರಾದರೂ ಕೇಳುತ್ತಿದ್ದರೆ ಕೀಲಿ ಅವರ ಪಾಲು. ಇನ್‌ಸ್ಟಾಲ್ ಕೋಡ್ ಬಳಸಿದರೆ ಪ್ರತಿ ಸಾಧನಕ್ಕೂ ಬೇರೆ ಕೀಲಿ ಸಿಗುತ್ತದೆ. ಬೀಗ ಅಥವಾ ಅಲಾರಂ ಮಾಡುವವರಿಗೆ ಇದು ಕಡ್ಡಾಯ ಎಂದೇ ನಮ್ಮ ಅಭಿಪ್ರಾಯ. ಅದೇ ಡೀಫಾಲ್ಟ್ ಕೀಲಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಎನ್‌ಆರ್‌ಎಫ್52840 ಡಾಂಗಲ್‌ಗೆ ಗಾಳಿಯ ಸಂದೇಶ ಕೇಳಿಸಿಕೊಳ್ಳುವ ನಾರ್ಡಿಕ್‌ನ ಸ್ನಿಫರ್ ಫರ್ಮ್‌ವೇರ್ ಹಾಕಿ, ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್‌ಗೆ ಆ ಕೀಲಿ ಕೊಟ್ಟು, ನಿಮ್ಮ ಸಾಧನ ಸೇರುವುದನ್ನು ಸೆರೆಹಿಡಿಯಿರಿ. ಬರೀ ಲಾಗ್ ನೋಡಿ ದಿನಗಟ್ಟಲೆ ಊಹಿಸುವ ದೋಷ ಅಲ್ಲಿ ಪ್ಯಾಕೆಟ್ ರೂಪದಲ್ಲಿ ಕಣ್ಣಿಗೇ ಕಾಣುತ್ತದೆ.

ಅದೇ ಬೋರ್ಡ್, ಮ್ಯಾಟರ್‌ನಲ್ಲಿ

ಹಾರ್ಡ್‌ವೇರ್ ಬದಲಿಸದೆ ಫರ್ಮ್‌ವೇರ್ ಮಾತ್ರ ಬದಲಿಸಿ ಇದೇ ಸಾಧನವನ್ನು ಥ್ರೆಡ್ ಮೇಲಿನ ಮ್ಯಾಟರ್‌ಗೆ ಒಯ್ಯಬಹುದು. 802.15.4 ಚಿಪ್ ಆರಿಸಿದ್ದರ ದೊಡ್ಡ ಲಾಭವೇ ಇದು. ಆದರೆ ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು ಫ್ಲ್ಯಾಶ್. ಎನ್‌ಆರ್‌ಎಫ್52840ರ 1 ಮೆಗಾಬೈಟ್‌ನಲ್ಲಿ ಮ್ಯಾಟರ್ ಅಪ್ಲಿಕೇಶನ್ ಕೂರುತ್ತದೆ, ಆದರೆ ಗಾಳಿಯಲ್ಲೇ ಅಪ್‌ಡೇಟ್ ಮಾಡಲು ಎರಡನೇ ಪ್ರತಿಗೆ ಜಾಗ ಉಳಿಯುವುದಿಲ್ಲ. ಮುಂದೆ ಮ್ಯಾಟರ್‌ಗೆ ಹೋಗುವ ಯೋಚನೆ ಇದ್ದರೆ ಮೊದಲ ಬೋರ್ಡಿನಲ್ಲೇ ಹೊರಗಿನ ಫ್ಲ್ಯಾಶ್ ಚಿಪ್‌ಗೆ ಜಾಗ ಬಿಡಿ. ಜೋಡಿಸದೆ ಖಾಲಿ ಬಿಟ್ಟರೂ ಪರವಾಗಿಲ್ಲ.

ಎರಡನೆಯದು ಅರ್ಥ ತಿರುಗಿಬೀಳುವುದು. ಮ್ಯಾಟರ್‌ನಲ್ಲಿ ಕಾಂಟ್ಯಾಕ್ಟ್ ಸೆನ್ಸರ್ ಬೂಲಿಯನ್ ಸ್ಟೇಟ್ ಕ್ಲಸ್ಟರ್ 0045 ಬಳಸುತ್ತದೆ. ಅಲ್ಲಿ ಟ್ರೂ ಎಂದರೆ ಮುಚ್ಚಿದೆ. ಜಿಗ್‌ಬೀ ಐಎಎಸ್‌ನಲ್ಲಿ 1 ಎಂದರೆ ತೆರೆದಿದೆ. ಹಳೆಯ ಫಂಕ್ಷನ್ ಹಾಗೇ ಎತ್ತಿ ಹಾಕಿದರೆ ರಾತ್ರಿ ಬಾಗಿಲು ಹಾಕಿದಾಗ ಅಲಾರಂ ಹೊಡೆಯುತ್ತದೆ.

ಮೂರನೆಯದು ಮನೆಯ ನೆಟ್‌ವರ್ಕ್. ಥ್ರೆಡ್‌ಗೆ ಬಾರ್ಡರ್ ರೂಟರ್ (ಥ್ರೆಡ್ ಮತ್ತು ಮನೆಯ ನೆಟ್‌ವರ್ಕ್ ನಡುವಿನ ಸೇತುವೆ) ಬೇಕು. ಹೋಮ್‌ಪಾಡ್ ಮಿನಿ, ಎರಡನೇ ತಲೆಮಾರಿನ ನೆಸ್ಟ್ ಹಬ್, ಅಥವಾ ಹೋಮ್ ಅಸಿಸ್ಟೆಂಟ್‌ಗೆ ಹಾಕಿದ ಓಪನ್‌ಥ್ರೆಡ್ ಡಾಂಗಲ್ ಆಗುತ್ತದೆ. ಜೋಡಣೆ ಬ್ಲೂಟೂತ್‌ನಲ್ಲಿ ಶುರುವಾಗಿ ಆಮೇಲೆ ಐಪಿವಿ6ಗೆ ದಾಟುತ್ತದೆ. ಇಂಟರ್ನೆಟ್ ಕಂಪನಿ ಕೊಟ್ಟ ರೂಟರ್‌ನಲ್ಲಿ ಎಪಿ ಐಸೊಲೇಶನ್ (ವೈ-ಫೈ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವ ಸೆಟ್ಟಿಂಗ್) ಆನ್ ಇದ್ದರೆ, ಅಥವಾ ಫೋನ್ ಗೆಸ್ಟ್ ವೈ-ಫೈನಲ್ಲಿದ್ದರೆ, ಬ್ಲೂಟೂತ್ ಹಂತ ದಾಟಿ ಕೊನೆಯಲ್ಲಿ ನಿಲ್ಲುತ್ತದೆ. ದೋಷ ನಿಮ್ಮ ಫರ್ಮ್‌ವೇರ್‌ದಲ್ಲ, ಒಂದೇ ಸಲ ಹಲವರಿಗೆ ಹೋಗುವ ಮಲ್ಟಿಕಾಸ್ಟ್ ಸಂದೇಶ ದಾಟುತ್ತಿಲ್ಲ.

ಪರೀಕ್ಷೆಗೆ ಎಫ್‌ಎಫ್‌ಎಫ್1ರಿಂದ ಎಫ್‌ಎಫ್‌ಎಫ್4ರವರೆಗಿನ ಟೆಸ್ಟ್ ವೆಂಡರ್ ಐಡಿಗಳಿವೆ. ಎಸ್‌ಡಿಕೆ ಉದಾಹರಣೆಗಳು 20202021 ಎಂಬ ಪಾಸ್‌ಕೋಡ್ ಜೊತೆ ಬರುತ್ತವೆ. ನಿಮ್ಮ ಮನೆಗೆ ಅಷ್ಟು ಸಾಕು. ಸರ್ಟಿಫೈ ಆಗಿಲ್ಲ ಎಂದು ಆ್ಯಪ್ ಎಚ್ಚರಿಸುತ್ತದೆ, ಗೂಗಲ್ ಹೋಮ್‌ಗೆ ಮಾತ್ರ ಡೆವಲಪರ್ ಕನ್ಸೋಲ್‌ನಲ್ಲಿ ಆ ಐಡಿ ಮೊದಲು ನೋಂದಾಯಿಸಬೇಕು. ಮಾರುವುದಾದರೆ ಕಥೆಯೇ ಬೇರೆ. ಮ್ಯಾಟರ್ ನಡೆಸುವ ಒಕ್ಕೂಟವಾದ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲೈಯನ್ಸ್‌ನ ಸದಸ್ಯತ್ವ, ಸ್ವಂತ ವೆಂಡರ್ ಐಡಿ, ಸರ್ಟಿಫಿಕೇಶನ್, ಪ್ರತಿ ಸಾಧನಕ್ಕೂ ಅದು ಅಸಲಿ ಎಂದು ತೋರಿಸುವ ಒಂದು ಅಟೆಸ್ಟೇಶನ್ ಸರ್ಟಿಫಿಕೇಟ್ ಬೇಕು. ವರ್ಷಕ್ಕೆ ಸಾವಿರಾರು ಡಾಲರ್ ಲೆಕ್ಕ. ಥ್ರೆಡ್‌ಗೂ ಅದರ ಗ್ರೂಪಿನ ಸದಸ್ಯತ್ವ ಕೇಳುತ್ತಾರೆ. ಸೋರ್ಸ್ ಕೋಡ್ ಉಚಿತ ಎಂದ ಮಾತ್ರಕ್ಕೆ ಲೋಗೋ ಉಚಿತವಲ್ಲ. ನೂರಿನ್ನೂರು ಸಾಧನ ಮಾರುವ ಸಣ್ಣ ಉದ್ಯಮಕ್ಕೆ ಈ ಖರ್ಚು ಹೊರೆಯೇ. ಅಂಥವರು ಮನೆಯೊಳಗಿನ ಸರ್ವರ್‌ಗೆ ಎಂಕ್ಯೂಟಿಟಿ (ಟಾಪಿಕ್ ಎಂಬ ಹೆಸರುಗಳಡಿ ಸಂದೇಶ ಹಂಚುವ ಓಪನ್ ಪ್ರೋಟೋಕಾಲ್) ಮಾತಾಡುವ ಸಾಧನ ಮಾಡಿ, ಟಾಪಿಕ್‌ಗಳ ವಿವರ ಪ್ರಕಟಿಸಿದರೆ ಗ್ರಾಹಕರಿಗೆ ಹೆಚ್ಚು ನ್ಯಾಯ ಸಿಗುತ್ತದೆ.

ಟ್ಯಾಂಕ್ ಸೆನ್ಸರ್, ಸ್ವಂತ ಪ್ರೋಟೋಕಾಲ್‌ನಲ್ಲಿ

ಇಲ್ಲಿ ಎರಡೇ ಸಾಧನ, ಇಬ್ಬರೂ ನಿಮ್ಮವರೇ, ದೂರ ಹೆಚ್ಚು, ಸಂದೇಶ ಪುಟ್ಟದು. ಸ್ಟ್ಯಾಂಡರ್ಡ್‌ನ ಭಾರ ಬೇಕಿಲ್ಲ. ತಾರಸಿ ಬದಿಗೆ ಆರ್‌ಎಫ್‌ಎಂ69ಎಚ್‌ಸಿಡಬ್ಲ್ಯೂ ಮಾಡ್ಯೂಲ್‌ನ 868 ಮೆಗಾಹರ್ಟ್ಜ್ ಆವೃತ್ತಿ, 4 ಮೆಗಾಹರ್ಟ್ಜ್‌ನಲ್ಲಿ ಓಡುವ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್, ಮೂರು ಫ್ಲೋಟ್ ಸ್ವಿಚ್, ಎರಡು ಎಎಎ ಸೆಲ್. ಕೆಳಗೆ ಅದೇ ರೇಡಿಯೋ ಜೊತೆಗೆ ವೈ-ಫೈ ಇರುವ ಇಎಸ್‌ಪಿ32 ಮತ್ತು ಪಂಪ್‌ಗೆ ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ತಾಳುವ ಸ್ವಿಚ್). 1 ಎಚ್‌ಪಿ ಮೋಟರ್ ಅನ್ನು ಅಗ್ಗದ 10 ಆಂಪ್ ರಿಲೇ ಬೋರ್ಡಿನಿಂದ ನೇರ ನಡೆಸಬೇಡಿ. ಸ್ಟಾರ್ಟ್ ಆಗುವಾಗಿನ ಕರೆಂಟ್‌ಗೆ ರಿಲೇ ಅಂಟಿಕೊಂಡರೆ ಪಂಪ್ ನಿಲ್ಲುವುದೇ ಇಲ್ಲ. ರಿಲೇ ಕಾಂಟ್ಯಾಕ್ಟರ್‌ನ ಕಾಯಿಲ್ ಅನ್ನು ನಡೆಸಲಿ, ಮೇನ್ಸ್ ವೈರಿಂಗ್ ಎಲೆಕ್ಟ್ರಿಷಿಯನ್ ಮಾಡಲಿ.

ರೇಡಿಯೋ ಸೆಟ್ಟಿಂಗ್: 866.0 ಮೆಗಾಹರ್ಟ್ಜ್, ಎಫ್‌ಎಸ್‌ಕೆ (ಫ್ರೀಕ್ವೆನ್ಸಿ ಅತ್ತಿತ್ತ ಸರಿಸಿ ಬಿಟ್ ಕಳಿಸುವ ರೀತಿ), ಸೆಕೆಂಡಿಗೆ 38.4 ಕಿಲೋಬಿಟ್, ಡೀವಿಯೇಶನ್ 40 ಕಿಲೋಹರ್ಟ್ಜ್. ಹರಡುವ ಅಗಲ ಸುಮಾರು 118 ಕಿಲೋಹರ್ಟ್ಜ್, 200ರ ಮಿತಿಯೊಳಗೇ. ಪವರ್ 13 ಡಿಬಿಎಂ. ಎಚ್‌ಸಿಡಬ್ಲ್ಯೂ ಆವೃತ್ತಿಯಲ್ಲಿ ಔಟ್‌ಪುಟ್ ಪಿಎ ಬೂಸ್ಟ್ ಪಿನ್‌ಗೆ ಮಾತ್ರ ಜೋಡಣೆಯಾಗಿದೆ. ಲೈಬ್ರರಿಯಲ್ಲಿ ಹೈ ಪವರ್ ಫ್ಲ್ಯಾಗ್ ಹಾಕದಿದ್ದರೆ ಕಳಿಸಿದೆ ಎಂದು ಚಿಪ್ ಹೇಳುತ್ತದೆ, ಆಂಟೆನಾದಿಂದ ಹೆಚ್ಚುಕಡಿಮೆ ಏನೂ ಹೊರಡುವುದಿಲ್ಲ. ಒಂದು ಮೀಟರ್ ದೂರದಲ್ಲಿ ಕೆಲಸ ಮಾಡಿ ಕೋಣೆ ದಾಟಿದರೆ ಸತ್ತುಹೋಗುವ ಲಿಂಕ್‌ಗೆ ಬಹುಮಟ್ಟಿಗೆ ಇದೇ ಕಾರಣ. ಆಂಟೆನಾ 8.2 ಸೆಂಟಿಮೀಟರ್ ನೇರ ತಂತಿ, ಎರಡೂ ಬದಿ ಲಂಬವಾಗಿ.

ಪ್ಯಾಕೆಟ್ ಹೀಗಿರಲಿ: ನೆಟ್‌ವರ್ಕ್ ಐಡಿ 2 ಬೈಟ್, ಸಾಧನದ ಐಡಿ 2, ಪ್ರಕಾರ 1, ಕೌಂಟರ್ 4, ಮಾಹಿತಿ 8, ದೃಢೀಕರಣ ಸಂಕೇತ 4. ಒಟ್ಟು 21. ಪ್ರಿಯಾಂಬಲ್ ಇತ್ಯಾದಿ ಸೇರಿ 30 ಬೈಟ್, ಗಾಳಿಯಲ್ಲಿ 6.25 ಮಿಲಿಸೆಕೆಂಡ್. 30 ಸೆಕೆಂಡಿಗೊಮ್ಮೆ ಕಳಿಸಿ. 45 ಮಿಲಿಆಂಪ್‌ನ ಲೆಕ್ಕದಲ್ಲಿ ಸರಾಸರಿ 9.4 ಮೈಕ್ರೋಆಂಪ್, ಉತ್ತರ ಕೇಳಲು 20 ಮಿಲಿಸೆಕೆಂಡ್ ಕಾಯುವುದಕ್ಕೆ ಇನ್ನೊಂದು 11. ನಿದ್ದೆ ಸೇರಿ 26ರ ಆಸುಪಾಸು. ಎಎಎ ಸೆಲ್‌ಗಳು ಲೆಕ್ಕದಲ್ಲಿ ನಾಲ್ಕು ವರ್ಷ ಬರುತ್ತವೆ. ತಾರಸಿಯ ಬಿಸಿಲಿಗೆ ಎರಡು ವರ್ಷಕ್ಕೇ ಬದಲಿಸುವುದು ಕ್ಷೇಮ, ಸೋರಿದ ಸೆಲ್ ಬೋರ್ಡನ್ನೇ ತಿನ್ನುತ್ತದೆ.

ಈ ಮಾಡ್ಯೂಲ್‌ನಲ್ಲಿ ಎಇಎಸ್-128 ಎನ್‌ಕ್ರಿಪ್ಶನ್ ಇದೆ ಎಂದು ಡೇಟಾಶೀಟ್ ಹೇಳುತ್ತದೆ. ಅದನ್ನು ಆನ್ ಮಾಡಿ ಸುಮ್ಮನಾಗಬೇಡಿ. ಅದು ಮಾಹಿತಿಯನ್ನು ಮುಚ್ಚುತ್ತದೆ, ಕಳಿಸಿದವರು ಯಾರು ಎಂಬುದನ್ನಾಗಲಿ, ಹಳೆಯದೋ ಹೊಸದೋ ಎಂಬುದನ್ನಾಗಲಿ ದೃಢಪಡಿಸುವುದಿಲ್ಲ. "ಟ್ಯಾಂಕ್ ಖಾಲಿ" ಎಂಬ ಪ್ಯಾಕೆಟ್ ಅನ್ನು ರೆಕಾರ್ಡ್ ಮಾಡಿ ಮತ್ತೆ ಬಿಟ್ಟರೆ ಪಂಪ್ ಶುರುವಾಗುತ್ತದೆ. ಮಾರುಕಟ್ಟೆಯ 433 ಮೆಗಾಹರ್ಟ್ಜ್ ರಿಮೋಟ್‌ಗಳು ಎಷ್ಟೋ ಇದೇ ರೀತಿ ಬಯಲಾಗಿವೆ. ಮುಚ್ಚುವುದನ್ನೂ ದೃಢೀಕರಿಸುವುದನ್ನೂ ಒಟ್ಟಿಗೆ ಮಾಡುವ ಎಇಎಸ್-ಸಿಸಿಎಂ ಅನ್ನು ಸಾಫ್ಟ್‌ವೇರ್‌ನಲ್ಲೇ ಓಡಿಸಿ. ನಾನ್ಸ್‌ಗೆ (ಪ್ರತಿ ಸಂದೇಶಕ್ಕೂ ಬೇರೆಯಾಗಿರಬೇಕಾದ ಸಂಖ್ಯೆ) ಐಡಿ, ದಿಕ್ಕು, ಕೌಂಟರ್ ಸೇರಿಸಿ. ಒಂದೇ ನಾನ್ಸ್ ಎರಡು ಸಲ ಬಂದರೆ ಸಿಸಿಎಂನ ರಕ್ಷಣೆ ಕುಸಿಯುತ್ತದೆ, ಆದ್ದರಿಂದ ಸೆಲ್ ಬದಲಿಸಿದಾಗ ಕೌಂಟರ್ ಸೊನ್ನೆಗೆ ಹೋಗಬಾರದು. ಪ್ರತಿ ಸಲ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಬರೆದರೆ? ಅದರ ಆಯಸ್ಸು ಒಂದು ಲಕ್ಷ ಬರಹ, 30 ಸೆಕೆಂಡಿಗೊಂದರಂತೆ ಸುಮಾರು 35 ದಿನಕ್ಕೆ ಮುಗಿದುಹೋಗುತ್ತದೆ. 256 ಪ್ಯಾಕೆಟ್‌ಗೆ ಒಮ್ಮೆ ಬರೆಯಿರಿ, ಎದ್ದಾಗ ಓದಿದ ಸಂಖ್ಯೆಗೆ 256 ಕೂಡಿಸಿ, ಅದನ್ನು ಕೂಡಲೇ ಬರೆದಿಟ್ಟು ಮುಂದುವರಿಯಿರಿ.

ರಿಸೀವರ್ ಕೊನೆಯ ಕೌಂಟರ್‌ಗಿಂತ ದೊಡ್ಡದನ್ನು ಮಾತ್ರ ಒಪ್ಪಬೇಕು. ಕರೆಂಟ್ ಹೋಗಿ ಬಂದಾಗ ಅದಕ್ಕೆ ಕೊನೆಯ ಕೌಂಟರ್ ಮರೆತಿರುತ್ತದೆ. ಎದ್ದ ಕೂಡಲೇ ತನ್ನ ಮೊದಲ ಉತ್ತರದಲ್ಲಿ 4 ಬೈಟ್ ರ್ಯಾಂಡಮ್ ಸಂಖ್ಯೆ ಕಳಿಸಲಿ, ಆ ಸಂಖ್ಯೆ ಹೊತ್ತ ಪ್ಯಾಕೆಟ್ ಬಂದ ಮೇಲೆ ಮಾತ್ರ ಪಂಪ್ ಮುಟ್ಟಲಿ. ಉತ್ತರಕ್ಕೂ ದೃಢೀಕರಣ ಸಂಕೇತ ಇರಲಿ. ಉತ್ತರ ಬಾರದಿದ್ದರೆ 20ರಿಂದ 60 ಮಿಲಿಸೆಕೆಂಡಿನ ನಡುವೆ ಯಾದೃಚ್ಛಿಕವಾಗಿ ಕಾದು ಮೂರು ಸಲ ಮರುಯತ್ನ, ಆಮೇಲೆ ನಿದ್ದೆ.

ಪಂಪ್ ನಿಲ್ಲಿಸುವುದು "ನಿಲ್ಲು" ಎಂಬ ಪ್ಯಾಕೆಟ್‌ನ ಮೇಲೆ ನಿಂತಿರಬಾರದು. ಆ ಒಂದು ಪ್ಯಾಕೆಟ್ ಕಳೆದುಹೋದರೆ ಟ್ಯಾಂಕ್ ಉಕ್ಕುತ್ತದೆ. ಎರಡು ನಿಮಿಷ ಸರಿಯಾದ ಪ್ಯಾಕೆಟ್ ಬರದಿದ್ದರೆ ರಿಸೀವರ್ ತಾನಾಗಿ ಪಂಪ್ ನಿಲ್ಲಿಸಲಿ. ಜೊತೆಗೆ ಒಟ್ಟು ಓಡುವ ಸಮಯಕ್ಕೂ ಮಿತಿ ಇರಲಿ: ಟ್ಯಾಂಕ್ ತುಂಬಲು ಸಾಮಾನ್ಯವಾಗಿ 25 ನಿಮಿಷವಾದರೆ 35ಕ್ಕೆ ಕಡಿತ. ಸಂಪ್ ಖಾಲಿಯಾಗಿ ಮೋಟರ್ ಒಣಗಿ ಓಡುವುದೂ ಹೀಗೆ ಬಚಾವಾಗಲಿ ಎಂದಿದ್ದರೆ ಸಂಪ್‌ನಲ್ಲಿ ಇನ್ನೊಂದು ಫ್ಲೋಟ್ ಹಾಕಿ, ಅದನ್ನು ವೈರ್‌ನಲ್ಲೇ ರಿಸೀವರ್‌ಗೆ ಎಳೆಯಿರಿ. ಹತ್ತಿರವಿದ್ದಲ್ಲಿ ವೈರೇ ಉತ್ತಮ.

ಸ್ವಂತ ರೇಡಿಯೋ ಇದ್ದರೂ ಮೇಲಿನ ಪದರವನ್ನು ಓಪನ್ ಇಡಿ. ಇಎಸ್‌ಪಿ32 ಟ್ಯಾಂಕ್ ಮಟ್ಟವನ್ನು ಎಂಕ್ಯೂಟಿಟಿಗೆ ಕಳಿಸಲಿ. ಹೋಮ್ ಅಸಿಸ್ಟೆಂಟ್‌ನ ಡಿಸ್ಕವರಿ ಟಾಪಿಕ್‌ಗೆ ಕಾನ್ಫಿಗ್ ಸಂದೇಶವನ್ನು ರಿಟೈನ್ ಫ್ಲ್ಯಾಗ್ (ಕೊನೆಯ ಸಂದೇಶವನ್ನು ಸರ್ವರ್ ಉಳಿಸಿಟ್ಟುಕೊಳ್ಳಲಿ ಎಂಬ ಗುರುತು) ಜೊತೆ ಹಾಕಿದರೆ ಸೆನ್ಸರ್ ತಾನಾಗಿ ಕಾಣಿಸಿಕೊಳ್ಳುತ್ತದೆ. ಮಟ್ಟದ ಸಂದೇಶಕ್ಕೆ ರಿಟೈನ್ ಹಾಕಬೇಡಿ, ಐದು ನಿಮಿಷದ ಎಕ್ಸ್‌ಪೈರಿ ಕೊಡಿ. ಇಲ್ಲದಿದ್ದರೆ ತಾರಸಿಯ ಸೆಲ್ ಸತ್ತ ಮೇಲೂ ಪರದೆಯಲ್ಲಿ "ಟ್ಯಾಂಕ್ ತುಂಬಿದೆ" ಎಂದೇ ಇರುತ್ತದೆ. ಪಂಪ್ ನಿರ್ಧಾರ ರಿಸೀವರ್‌ನೊಳಗೇ ಆಗಬೇಕು, ಸರ್ವರ್‌ನಲ್ಲಿ ಅಲ್ಲ.

ಇವೆರಡರಲ್ಲಿ ಯಾವುದನ್ನು ಮಾರಲು ಹೊರಟರೂ ಭಾರತದಲ್ಲಿ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಇಟಿಎ ಎಂಬ ಅನುಮೋದನೆ ಬೇಕು. ಲೈಸೆನ್ಸ್ ವಿನಾಯಿತಿಯ ಬ್ಯಾಂಡ್‌ನ ಸಾಧನಗಳಿಗೆ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆಯ ದಾರಿ ಇದೆ, ರೇಡಿಯೋದ ಟೆಸ್ಟ್ ರಿಪೋರ್ಟ್ ಸಿದ್ಧ ಇಟ್ಟುಕೊಳ್ಳಿ. ಮಾಡ್ಯೂಲ್ ಕೊಳ್ಳುವಾಗಲೇ ತಯಾರಕರಿಂದ ಆ ರಿಪೋರ್ಟ್ ಕೇಳಿ ಪಡೆಯುವುದು ಸುಲಭ, ಆಮೇಲೆ ಪಡೆಯುವುದು ಕಷ್ಟ. ಸ್ವಂತ ಪ್ರೋಟೋಕಾಲ್‌ನ ಸಾಧನವಾದರೆ ಪ್ಯಾಕೆಟ್ ವಿನ್ಯಾಸದ ಒಂದು ಪುಟವನ್ನೂ, ಆ ಸಾಧನದ ಕೀಲಿಯನ್ನೂ ಮುಚ್ಚಳದ ಒಳಬದಿಯ ಸ್ಟಿಕರ್‌ನಲ್ಲೋ ಕೈಪಿಡಿಯಲ್ಲೋ ಕೊಡಿ. ಕೀಲಿ ಪ್ರತಿ ಸಾಧನಕ್ಕೂ ಬೇರೆಯಾಗಿರಬೇಕು, ಮತ್ತು ಅದನ್ನು ಬದಲಿಸುವ ದಾರಿ ಬಟನ್ ಒತ್ತಿ ಹಿಡಿದರೆ ಮನೆಯವರ ಕೈಗೇ ಸಿಗಬೇಕು.